ಜನವರಿ ಇಪ್ಪತ್ತಾರರ ಹೊಗೆ

ನಾನು ಬಿ.ಎ.ಯಲ್ಲಿ ಇತಿಹಾಸ ಓದಿದವನೆಂಬ ಸಂಗತಿಯನ್ನು ಈಚೆಗೆ ಯಾರ ಮುಂದೆಯೂ ಹೇಳುವುದಿಲ್ಲ. ಮೊದಲು ಹೇಳುತ್ತಿದ್ದೆ, ಕೇಳದಿದ್ದರೂ ಹೇಳುತ್ತಿದ್ದೆ. ರಾಣೆಬೆನ್ನೂರಿನಲ್ಲಿ ಮೂರು ವರ್ಷ ಕಾಲೇಜಿಗೆ ಹೋಗಿ, ಎರಡನೇ ದರ್ಜೆಯಲ್ಲಿ ಪಾಸಾಗಿ, ಹಾವೇರಿಯ ಕೋರ್ಟಿನಲ್ಲಿ ಗುಮಾಸ್ತನಾದ ಮೇಲೆ ಆ ಪದವಿಯಿಂದ ನನಗೆ ಉಳಿದದ್ದು ಒಂದೇ ಸುಖ: ಬೇರೆಯವರಿಗೆ ಇತಿಹಾಸ ಗೊತ್ತಿಲ್ಲದ್ದನ್ನು ಕಂಡು ನಗುವುದು.

ಕೆಲವರು ಅಂಚೆಚೀಟಿ ಕೂಡಿಸುವ ಹಾಗೆ ನಾನು ಇಂಥ ತಪ್ಪುಗಳನ್ನು ಕೂಡಿಸುತ್ತಿದ್ದೆ. ನಮ್ಮ ಕೋರ್ಟಿನ ಒಬ್ಬ ತರುಣ ವಕೀಲರಿಗೆ ೧೮೫೭ ಎಂದರೆ ತಮ್ಮ ಸ್ಕೂಟರಿನ ನಂಬರು ಮಾತ್ರ. ರಾಣೆಬೆನ್ನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗೆಳೆಯನ ಪ್ರಕಾರ ಬಾವುಟದ ನಡುವೆ ಇರುವುದು ನೂಲುವ ಚರಕ. ಅವನ ಅಂಗಡಿಗೆ ಮಾಲು ತರುವ ಲಾರಿ ಡ್ರೈವರು ಅದನ್ನು ಒಪ್ಪುವುದಿಲ್ಲ; "ಚರಕಕ್ಕ ಅಷ್ಟು ಕಡ್ಡಿ ಎಲ್ಲಿ ಇರ್ತಾವ್ರಿ, ಅದು ಗಾಡಿ ಗಾಲಿ" ಎನ್ನುತ್ತಾನೆ. ಇವನ್ನೆಲ್ಲ ನಾನು ಕೋರ್ಟಿನ ಕ್ಯಾಂಟೀನಿಗೆ ಒಯ್ದು, ಸ್ವಲ್ಪ ಉಪ್ಪು ಹುಳಿ ಬೆರೆಸಿ, ಚಹದ ಜೊತೆ ಹಂಚುತ್ತಿದ್ದೆ. ಜನ ದೇಶದ ಚರಿತ್ರೆಯನ್ನು ಮನೆಯ ಸಾಮಾನಿನಂತೆ ಇಟ್ಟುಕೊಂಡಿರುತ್ತಾರೆ, ಎಲ್ಲಿ ಜಾಗವಿದೆಯೋ ಅಲ್ಲಿ, ತಮ್ಮ ಕೈಗೆ ಸಿಗುವ ಹಾಗೆ. ಇದು ಈಗ ತಿಳಿಯುತ್ತಿದೆ. ಆಗ ನಗು ಮಾತ್ರ ಬರುತ್ತಿತ್ತು.

ಆ ನಗು ನಿಂತದ್ದು ಬ್ಯಾಡಗಿಯಲ್ಲಿ, ಒಂದು ಗಣರಾಜ್ಯೋತ್ಸವದ ಬೆಳಿಗ್ಗೆ. ಹಾವೇರಿ ಜಿಲ್ಲೆಯಾಗಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ.

ನನ್ನ ಸೋದರಮಾವ ಚನ್ನಬಸಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಎತ್ತರದ ಆಳು, ದೊಡ್ಡ ದನಿ, ಚಿಕ್ಕಂದಿನಿಂದಲೂ ದಮ್ಮು, ಉಬ್ಬಸ. ಮೆಣಸಿನಕಾಯಿ ಊರಿನಲ್ಲಿ ದಮ್ಮಿನವರು ಹೇಗೆ ಬದುಕುತ್ತಾರೆಂದು ಕೇಳಿದರೆ, "ಅದು ನನ್ನ ಕೂಡ ಹೊಂದ್ಕೊಂಡೈತಿ" ಎನ್ನುತ್ತಾನೆ. ಅವನ ಅಂಗಡಿಯ ಹಿಂದೆ ನಾಲ್ಕೂ ಕಡೆ ಗೋಡೆಯಿರುವ ಅಂಗಳವಿದೆ. ಹೋಗಿಬರಲು ಒಂದೇ ಕಬ್ಬಿಣದ ಗೇಟು. ಉಳಿದ ದಿನ ಅಲ್ಲಿ ಹೆಂಗಸರು ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ವರ್ಷಕ್ಕೆರಡು ಸಲ ಅಂಗಳ ಗುಡಿಸಿ, ಆ ಓಣಿಯವರೆಲ್ಲ ಸೇರಿ ಬಾವುಟ ಹಾರಿಸಿ, ಬೂಂದಿ ಲಾಡು ತಿಂದು ಹೋಗುತ್ತಾರೆ.

ಆ ವರ್ಷ ಓಣಿಯವರಿಗೆ ಏನಾದರೂ ವಿಶೇಷ ಮಾಡುವ ಹುಕಿ ಬಂತು. ನಾಲ್ಕು ದಿನ ಮೊದಲು ಮಾವನ ಅಂಗಡಿಯಲ್ಲಿ ಸಭೆ ಸೇರಿತು. ರಜೆಗೆ ಬಂದಿದ್ದ ನಾನೂ ಇದ್ದೆ. ಎದುರಂಗಡಿಯ ಈರಣ್ಣ ಕೇಳಿದ: "ಅಲ್ರಿ ಸಾವಕಾರ್ರ, ಆಗಸ್ಟ್ ಹದಿನೈದಕ್ಕೂ ಬಾವುಟ, ಜನವರಿ ಇಪ್ಪತ್ತಾರಕ್ಕೂ ಬಾವುಟ. ಎರಡೆರಡು ಸಲ ಯಾಕ ಸ್ವಾತಂತ್ರ್ಯ ಬಂತು?"

ಮಾವ ಗಾದಿಯ ಮೇಲೆ ಸರಿದು ಕುಳಿತ. "ಅಷ್ಟೂ ಗೊತ್ತಿಲ್ಲೇನೋ? ಆಗಸ್ಟ್ ಹದಿನೈದಕ್ಕ ಬ್ರಿಟಿಷರು 'ನಾವು ಹೋಗ್ತೇವಿ' ಅಂತ ಹೇಳಿದ್ರು. ಹೇಳಿದ ದಿನಾನ ಹೋಗಾಕ ಅವರೇನು ಕೈಚೀಲ ಹಿಡ್ಕೊಂಡ ಬಂದಿದ್ರೇನು? ಎರಡನೂರು ವರ್ಷದ ಸಂಸಾರ. ಸಾಮಾನು ಕಟ್ಟಬೇಕು, ಗಾಡಿ ಹೇಳಬೇಕು. ಜನವರಿ ಇಪ್ಪತ್ತಾರಕ್ಕ ಮನಿ ಖಾಲಿ ಮಾಡಿದ್ರು."

ಎಲ್ಲರೂ ತಲೆಯಾಡಿಸಿದರು. ಬಾಡಿಗೆ ಅಂಗಡಿ ಬಿಡಿಸಿ ಗೊತ್ತಿದ್ದವರಿಗೆ ಇದಕ್ಕಿಂತ ಸರಿಯಾದ ವಿವರಣೆ ಬೇಕಿರಲಿಲ್ಲ. ನಡುವಿನ ಎರಡೂವರೆ ವರ್ಷವನ್ನು ಮಾವ ಎಲೆಯಡಿಕೆಯಂತೆ ನುಂಗಿಬಿಟ್ಟಿದ್ದ.

ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಹಿರಿಯನನ್ನು ನಾಲ್ಕು ಜನರ ಮುಂದೆ ತಿದ್ದಬಾರದೆಂಬ ಮರ್ಯಾದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಈ ಸಿದ್ಧಾಂತವನ್ನು ಒಂದಿಷ್ಟೂ ಮುಕ್ಕಾಗದ ಹಾಗೆ ಹಾವೇರಿಯ ಕ್ಯಾಂಟೀನಿಗೆ ಒಯ್ಯುವ ಆಸೆ.

"ಹಂಗಾದ್ರ ಅವರನ್ನ ಹೆಂಗ ಓಡಿಸಿದ್ರು ಅನ್ನೂದನ್ನ ಹುಡುಗರಿಗೆ ತೋರಸಬೇಕು" ಎಂದ ಈರಣ್ಣ. ಮಾವ ನನ್ನ ಕಡೆ ತಿರುಗಿದ. "ಏ ತಮ್ಮಾ, ನೀ ಬಿ.ಎ. ಕಲತಾಂವ. ನೀನ ಹೇಳು." ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಗಂಟಲು ಸರಿಮಾಡಿಕೊಂಡು, ಸ್ವಾತಂತ್ರ್ಯ ಚಳವಳಿಯಲ್ಲಿ ವಿದೇಶಿ ಬಟ್ಟೆಗಳನ್ನು ರಾಶಿ ಹಾಕಿ ಸುಟ್ಟದ್ದನ್ನು ಸೊಗಸಾಗಿ ವರ್ಣಿಸಿದೆ. ಬೇರೆ ದಿನದ, ಬೇರೆ ಕಾಲದ ಸಂಗತಿ ಎಂದು ಗೊತ್ತಿದ್ದೂ ವರ್ಣಿಸಿದೆ. ಸಭೆ ಅಲ್ಲಿಗೆ ಮುಗಿಯಿತು. ವಿದೇಶಿ ಬಟ್ಟೆ ಎಲ್ಲಿಂದ ತರುವುದೆಂಬ ಪ್ರಶ್ನೆ ಎದ್ದಾಗ ಮಾವ, "ಅಂಗಡಿಗೊಂದು ಹಳೇ ಅರಿವಿ ಕೊಡ್ರಿ, ಸುಡೂ ಹೊತ್ತಿಗೆ ವಿದೇಶೀನ ಆಗ್ತೈತಿ" ಎಂದ.

ಇಲ್ಲಿ ಬ್ಯಾಡಗಿಯ ಬಗ್ಗೆ ಒಂದು ಮಾತು. ಹೊರಗಿನವರು ಈ ಊರಲ್ಲಿ ರೈಲಿನಿಂದ ಇಳಿದ ಕೂಡಲೇ ಸೀನುತ್ತಾರೆ. ಊರಿನವರು ಸೀನುವುದಿಲ್ಲ. ಖಾರ ಅವರಿಗೆ ವಾಸನೆಯಲ್ಲ, ಗಾಳಿ. ಅಂಗಿಯಲ್ಲಿ, ಹಾಸಿಗೆಯಲ್ಲಿ, ದೇವರ ಪಟದ ಹಿಂದೆ ಅದು ಇದ್ದೇ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಹೀಗಾಗಿ ಪ್ರತಿ ಅಂಗಡಿಯಿಂದ ಬಂದ ಹಳೆಯ ಬಟ್ಟೆಗಳು ಎಂಥವು ಎಂದು ಯಾರೂ ಯೋಚಿಸಲಿಲ್ಲ. ಕಾಯಿ ಸುರುವಲು ಹಾಸುತ್ತಿದ್ದ ಧೋತರ, ಮೂಟೆ ಹೊರುವವರು ತಲೆಗೆ ಸುತ್ತುವ ಅರಿವೆ, ತಕ್ಕಡಿ ಒರೆಸುವ ಚಿಂದಿ, ಹರಕು ಗೋಣಿಚೀಲ. ಎಲ್ಲವೂ ವರ್ಷಗಟ್ಟಲೆ ಮೆಣಸಿನಪುಡಿ ಕುಡಿದು ಕೆಂಪಗೆ ಬಿರುಸಾಗಿದ್ದವು. ನಾನೂ ಆ ಊರಲ್ಲೇ ಹುಟ್ಟಿದವನು. ನನಗೂ ಹೊಳೆಯಲಿಲ್ಲ.

ಬೆಳಿಗ್ಗೆ ಬಾವುಟ ಹಾರಿತು, ಹಾಡು ಆಯಿತು. ಮಕ್ಕಳು ರಸ್ತೆಗೆ ಓಡದಿರಲೆಂದು ಗೇಟು ಮುಚ್ಚಿದ್ದರು. ಅಂಗಳದಲ್ಲಿ ಅರವತ್ತೆಪ್ಪತ್ತು ಜನ. ಒಂದು ಮೂಲೆಯಲ್ಲಿ ತೊಟ್ಟು ಬಿಡಿಸುವ ಹೆಂಗಸರು, ಅವರ ಮುಂದಾಳು ಗಂಗವ್ವ. ಮಾವ ಬಟ್ಟೆಯ ರಾಶಿಗೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ. ಮಕ್ಕಳು ಜಯಕಾರ ಹಾಕಿದರು. ಮೊದಲು ಒಬ್ಬ ಹುಡುಗಿ ಕೆಮ್ಮಿದಳು. ಎಲ್ಲರೂ ನಕ್ಕರು.

ಒಗ್ಗರಣೆಯಲ್ಲಿ ಒಂದು ಮೆಣಸಿನಕಾಯಿ ಕರಕಾದರೆ ಮೂರು ಮನೆ ಕೆಮ್ಮುತ್ತವೆ. ಇಲ್ಲಿ ಇಡೀ ಓಣಿಯ ಖಾರ ಒಮ್ಮೆಗೇ ಹೊತ್ತಿತ್ತು. ಕಟ್ಟಿಗೆಯ ಹೊಗೆ ಕಣ್ಣಿಗೆ ಬರುತ್ತದೆ. ಇದು ನೇರ ಎದೆಗೆ ಬಂತು. ಉಸಿರು ಒಳಗೆ ಹೋಗಲು ಒಪ್ಪಲಿಲ್ಲ. ಕಣ್ಣು ತೆರೆಯಲಾಗದೆ ಎಲ್ಲರೂ ಗೇಟಿನ ಕಡೆ ನುಗ್ಗಿದರು, ನುಗ್ಗಿ ಒತ್ತಿದರು. ಗೇಟು ಒಳಗಡೆಗೆ ತೆರೆಯುವಂಥದು. ಒತ್ತಿದಷ್ಟೂ ಮುಚ್ಚಿಕೊಂಡಿತು. ಮಾವ ಗೇಟಿನ ಬುಡದಲ್ಲೇ ಮಂಡಿಯೂರಿ ಕುಸಿದಿದ್ದ. ಅವನ ಎದೆಯಿಂದ ತೂತುಬಿದ್ದ ತಿದಿಯ ಸದ್ದು ಬರುತ್ತಿತ್ತು. ಇನ್ನೆರಡು ನಿಮಿಷ ಗೇಟು ತೆರೆಯದಿದ್ದರೆ ಆ ಸದ್ದೂ ನಿಲ್ಲುತ್ತದೆಂದು ನನಗೆ ಗೊತ್ತಾಯಿತು. ಗೊತ್ತಾಗಿ ನಾನು ಮಾಡಿದ್ದೇನು? ಇನ್ನಷ್ಟು ಜೋರಾಗಿ ಒತ್ತಿದೆ.

ಆಗ ಗಂಗವ್ವನ ದನಿ ಕೇಳಿತು. "ಹಿಂದ ಸರೀರಿ! ಗೇಟ್ ಒಳಗ ತೆರೀತೈತಿ!" ಯಾರೂ ಸರಿಯಲಿಲ್ಲ. ಮೂವತ್ತು ವರ್ಷ ಆ ಗೇಟಿನಲ್ಲಿ ತಲೆ ತಗ್ಗಿಸಿ ಬಂದು ಹೋದವಳು, 'ಸಾವಕಾರ್ರ' ಎನ್ನದೆ ಮಾತಾಡದವಳು, ಒದ್ದೆ ಸೆರಗು ಮೂಗಿಗೆ ಕಟ್ಟಿಕೊಂಡು ಗುಂಪಿನೊಳಗೆ ಬಂದು ಒಬ್ಬೊಬ್ಬರ ಕಾಲರು ಹಿಡಿದು ಹಿಂದಕ್ಕೆ ಎಳೆದೊಗೆದಳು. "ಏಯ್ ಈರ್ಯಾ, ಸರಿಯೋ ಅತ್ಲಾಗ! ಮುದುಕನ್ನ ತುಳಿದು ಕೊಲ್ತೀಯೇನು?" ಆಕೆ ಎಳೆದ ಕಾಲರುಗಳಲ್ಲಿ ನನ್ನದೂ ಒಂದು. ಮೊಳದಷ್ಟು ಜಾಗವಾಯಿತು, ಗೇಟು ತೆರೆಯಿತು, ಮಾವನನ್ನು ರಸ್ತೆಗೆ ಎಳೆದು ಹಾಕಿದೆವು.

ಈಗಲೂ ಹೊಸ ಜಾಗಕ್ಕೆ ಹೋದರೆ ಮೊದಲು ಬಾಗಿಲು ಯಾವ ಕಡೆ ತೆರೆಯುತ್ತದೆಂದು ನೋಡುತ್ತೇನೆ. ಸಿನಿಮಾ ಟಾಕೀಸಿನಲ್ಲಿ, ಮದುವೆ ಮಂಟಪದಲ್ಲಿ, ನನ್ನದೇ ಕೋರ್ಟಿನಲ್ಲಿ. ಒಗ್ಗರಣೆಯ ಸದ್ದು ಕೇಳಿದರೆ ಕೈ ತಾನಾಗಿ ಮುಂದೆ ಬಂದು ಗಾಳಿಯನ್ನು ಒತ್ತುತ್ತದೆ. ಹೆಂಡತಿ ನಗುತ್ತಾಳೆ. ನಗಲಿ.

ಮಾವನನ್ನು ಹಾವೇರಿಯ ಆಸ್ಪತ್ರೆಗೆ ತಂದೆವು. ಒಂದು ದಿನ ಕಳೆಯುವವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ನಾನು ಮಂಚದ ಪಕ್ಕದಲ್ಲಿ ಕುಳಿತು ಅವನ ಉಸಿರನ್ನೇ ನೋಡುತ್ತಿದ್ದೆ. ಮರುದಿನ ಮಧ್ಯಾಹ್ನ ಆಮ್ಲಜನಕದ ಕೊಳವೆ ತೆಗೆದರು. ಮಾವ ಕಣ್ಣು ಬಿಟ್ಟು ನನ್ನ ಕಡೆ ತಿರುಗಿದ. ಆಮೇಲೆ ಕೇಳಿದ:

"ತಮ್ಮಾ, ಮುಂಜಾನೆ ನೀ ಇಲ್ಲದಾಗ ಬೆಂಕಿ ಯಾಕ ಹಚ್ಚಿದ್ರಿ ಅಂತ ನರ್ಸಬಾಯಿ ಕೇಳಿದ್ಲು, ಹೇಳಿದೆ. ಬ್ರಿಟಿಷರು ಅವತ್ತ ಮನಿ ಖಾಲಿ ಮಾಡ್ಲಿಲ್ಲಂತ. ಖರೇ ಏನು?"

"ಖರೇ ಮಾವ."

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

ಎಷ್ಟೋ ಸುಳ್ಳುಗಳು ನಾಲಿಗೆಯ ತುದಿಗೆ ಬಂದವು. ಯಾವುದೂ ಆ ಮುಖದ ಮುಂದೆ ಹೊರಡಲಿಲ್ಲ. "ಹಾವೇರಿಯೊಳಗ ಹೇಳಿ ನಗಬೇಕಂತ ಇಟ್ಕೊಂಡಿದ್ದೆ ಮಾವ" ಎಂದೆ.

ಮಾವ ನನ್ನನ್ನು ಹೊರಗೆ ಹಾಕಿದ್ದರೂ ನ್ಯಾಯವಾಗುತ್ತಿತ್ತು. "ನಕ್ಕಿಯೇನು ಮತ್ತ?" ಎಂದ. ಇಲ್ಲವೆಂದೆ. "ಹೋಗ್ಲಿ ಬಿಡು. ಅವತ್ತ ಏನಾತು, ಈಗರೆ ಹೇಳು."

ನಮ್ಮ ಆಡಳಿತ ಹೇಗೆ ನಡೆಯಬೇಕು, ಯಾರಿಗೆ ಏನು ಹಕ್ಕು ಎಂದು ನಾವೇ ಬರೆದುಕೊಂಡ ಪುಸ್ತಕ ಅವತ್ತು ಜಾರಿಗೆ ಬಂತು ಎಂದೆ. ಮಾವ ಯೋಚಿಸಿದ. "ಅಂದ್ರ ಅವರು ಸಾಮಾನು ಒಯ್ದ ದಿನ ಅಲ್ಲ. ನಾವು ಸಾಮಾನು ಇಳಿಸಿದ ದಿನ." ಮೂರು ವರ್ಷದ ಕಾಲೇಜಿನಲ್ಲಿ ಯಾವ ಮೇಷ್ಟ್ರೂ ನನಗೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. "ಅದರಾಗ ಏನೇನು ಬರದಾರ?" ಎಂದ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಮೊದಲ ನಾಲ್ಕು ಮಾತು ಹೇಳಿದೆ. ಐದನೆಯದು ಬರಲಿಲ್ಲ. ದಿನವೂ ಕೋರ್ಟಿಗೆ ಹೋಗುವ, ಇತಿಹಾಸ ಓದಿದ ನಾನು ಆ ಪುಸ್ತಕವನ್ನು ತೆರೆದೇ ಇರಲಿಲ್ಲ.

ಸಂಜೆ ಕೋರ್ಟಿಗೆ ಹೋಗಿ ಕಪಾಟಿನಲ್ಲಿದ್ದ ಒಂದು ಪ್ರತಿಯನ್ನು ಕೇಳಿ ತಂದೆ. ಕಪಾಟು ತೆಗೆದುಕೊಟ್ಟ ಜವಾನ, "ನೀವೇನು ವಕೀಲಕಿ ಕಲ್ಯಾಕ ಹತ್ತೀರೇನ್ರಿ?" ಎಂದ. ಮಂಚದ ಪಕ್ಕದಲ್ಲಿ ಕುಳಿತು ಮೊದಲ ಪುಟ ಓದಿದೆ. ಇದನ್ನು ಯಾವ ರಾಜನೂ ಕೊಟ್ಟಿಲ್ಲ, ಈ ದೇಶದ ಜನರಾದ ನಾವೇ ನಮಗೆ ಕೊಟ್ಟುಕೊಂಡಿದ್ದೇವೆ ಎಂಬ ಅರ್ಥದ ಮಾತು ಬಂತು.

ಮಾವ ಕೈಯೆತ್ತಿ ತಡೆದ. "ನಾವು ಅಂದ್ರ ಯಾರ್ಯಾರು?"

"ಎಲ್ಲಾರೂ ಮಾವ."

"ಗಂಗವ್ವನೂ ಬಂದ್ಲೇನು ಅದರಾಗ?"

"ಬಂದ್ಲು."

"ಆಕಿ ಹೊರಗ ಬಾಗಲದಾಗ ನಿಂತಾಳ ನೋಡು. ಆಗಿಂದ ನಿಂತಾಳ. ಒಳಗ ಕರಿ."

ಗಂಗವ್ವ ಒಂದು ಎಳನೀರು ಹಿಡಿದು ಬಂದಿದ್ದಳು. ಒಳಗೆ ಬಂದು, ಕಾಯಿಯನ್ನು ಮಂಚದ ಕೆಳಗಿಟ್ಟು, ಗೋಡೆಯ ಬದಿಗೆ ನೆಲದ ಮೇಲೆ ಕುಳಿತಳು. "ಆರಾಮ ಅದೀರೇನ್ರಿ ಸಾವಕಾರ್ರ? ನಿನ್ನಿ ಏನರೆ ಅಂದಿದ್ರ ಹೊಟ್ಟ್ಯಾಗ ಹಾಕ್ಕೋರಿ" ಎಂದಳು.

"ನೆಲದ ಮ್ಯಾಲ ಯಾಕ ಕುಂತಿ? ಕುರ್ಚಿ ಮ್ಯಾಲ ಕುಂದ್ರು" ಎಂದ ಮಾವ.

ಆ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ನಾನು ಕುಳಿತಿದ್ದೆ. ಎದ್ದೆ. ಆಕೆ ಬೇಡವೆಂದಳು, ಮಾವ ಗದರಿದ, ಗದರಿದ್ದಕ್ಕೆ ಕೆಮ್ಮು ಬಂತು, ಕೆಮ್ಮಿಗೆ ಹೆದರಿ ಆಕೆ ಕುರ್ಚಿಯ ಅಂಚಿನಲ್ಲಿ ಕುಳಿತಳು.

"ಹೂಂ, ಈಗ ಓದು" ಎಂದ ಮಾವ. ನಾನು ಗೋಡೆಗೆ ಒರಗಿ ನಿಂತು ಎರಡನೆಯ ಪುಟ ತಿರುವಿದೆ. ಆ ಪುಸ್ತಕ ನಿಂತು ಓದಿದರೂ ಚೆನ್ನಾಗಿಯೇ ಓದಿಸಿಕೊಳ್ಳುತ್ತದೆ.