ಟೋಪಿಯವನ ಕೊನೆಯ ಬಾಗಿಲು

ಶಾಲೆ ಯೂನಿಫಾರ್ಮ್ ಹೊಲಿಯುವ ಅವಳನ್ನು ಬೀದಿಯವರೆಲ್ಲ ಕರೆಯುವುದು ಗುಂಡಿ ಚಿಕ್ಕಮ್ಮ ಅಂತ. ಅವಳು ಹಾಕಿದ ಗುಂಡಿ, ಅಂಗಿ ಹರಿದರೂ ಬೀಳುವುದಿಲ್ಲ. ಸ್ವಭಾವವೂ ಹಾಗೇ, ಹಿಡಿದರೆ ಬಿಡುವ ಪೈಕಿ ಅಲ್ಲ. ಅಕ್ಕನ ಕಣ್ಣಿನ ವಿಷಯ ಕೇಳಿದ ದಿನದಿಂದ ಅವಳು ಹಿಡಿದದ್ದು ಒಂದೇ ಹಟ.

ಅಕ್ಕನ ನೋಟ ನಡುವಿನಿಂದ ಮಾಸುತ್ತಾ ಬಂದಿತ್ತು. ನೇರ ನೋಡಿದರೆ ಮಸಿ, ಓರೆಯಾಗಿ ನೋಡಿದರೆ ಒಂದಿಷ್ಟು ಬೆಳಕು. ಆ ಒಂದಿಷ್ಟೂ ಹೆಚ್ಚು ಕಾಲ ಉಳಿಯುವುದಿಲ್ಲ ಅಂತ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದರು. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಅಕ್ಕ ಅವತ್ತಿನಿಂದ ಕಿಟಕಿ ಪಕ್ಕದ ಕುರ್ಚಿ ಹಿಡಿದಳು. ಟೀ ಕೊಟ್ಟರೆ ಕುಡಿದಳು, ಇಲ್ಲದಿದ್ದರೆ ಇಲ್ಲ. ಅವಳ ಕಣ್ಣು ಪೂರ್ತಿ ಆರುವುದರೊಳಗೆ ಟೋಪಿಯವನ ಕೊನೆಯ ಬಾಗಿಲು ತೆಗೆಸಿ ತೋರಿಸಬೇಕು, ಇದು ತಂಗಿಯ ಹಟ.

ಟೋಪಿಯವನು ಅಂದರೆ ಯಾರೋ ನೆಂಟ ಅಂದುಕೊಳ್ಳಬೇಡಿ. ಕಂಪ್ಯೂಟರ್ ಆಟದೊಳಗಿನ ಬೆರಳುದ್ದದ ಮನುಷ್ಯ ಅವನು. ಇವರು ಚಿಕ್ಕವರಿದ್ದಾಗ ಸೋದರಮಾವ ಆ ಕಂಪ್ಯೂಟರ್ ತಂದಿದ್ದ. ಈಗಿನ ಹಾಗಲ್ಲ ಆಗ. ಕೀಲಿಮಣೆಯೇ ಕಂಪ್ಯೂಟರ್, ಮನೆಯ ಟಿವಿಯೇ ಪರದೆ, ಆಟ ಬರುವುದು ಹಾಡು ಕೇಳುವ ಕ್ಯಾಸೆಟ್ಟಿನಿಂದ! ಅದು ಕೀ ಕೀ ಅಂತ ಕಿರುಚಿ ಮುಗಿಸುವವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಆಮೇಲೆ ಕತ್ತಲೆಯೊಳಗೆ ಒಂದು ಹಸಿರು ಮನೆ ಮೆಲ್ಲಗೆ ಮೂಡುವುದು. ಕೋಣೆಯಾಚೆ ಕೋಣೆ, ನಡುನಡುವೆ ಬಾವಿ, ಮೇಲೆ ಬಾವಲಿ. ಟೋಪಿಯವನು ಟಿಕ್ ಟಿಕ್ ಅಂತ ನಡೆಯುವನು. ನಡೆಸುವ ಕೀಲಿ ಅಕ್ಕನದು, ಹಾರಿಸುವ ಕೀಲಿ ತಂಗಿಯದು. ಅಕ್ಕ "ಹಾರು!" ಅಂದ ಕೂಡಲೇ ತಂಗಿ ಒತ್ತಬೇಕು. ಎಷ್ಟೋ ಮಧ್ಯಾಹ್ನ ಇಬ್ಬರೂ ಆ ಹಸಿರು ಮನೆಯಲ್ಲೇ ಬದುಕಿದ್ದರು, ಅಮ್ಮ ಊಟಕ್ಕೆ ಕರೆದರೆ ಯಾವುದೋ ದೂರದ ಊರಿನಿಂದ ಕರೆದ ಹಾಗೆ ಕೇಳುತ್ತಿತ್ತು. ಆದರೆ ಪ್ರತಿ ಸಲವೂ ಕೊನೆಯ ಬಾಗಿಲ ಹತ್ತಿರ ಅಕ್ಕ "ಅಯ್ಯೋ, ಜಾರಿಬಿಟ್ಟೆ ಕಣೆ" ಅನ್ನುವಳು. ಬಾಗಿಲಾಚೆ ಏನಿರಬಹುದು ಅಂತ ಹಾಸಿಗೆಯಲ್ಲಿ ಊಹಿಸುತ್ತಾ ಊಹಿಸುತ್ತಾ ಇಬ್ಬರಿಗೂ ನಿದ್ದೆ ಬರುವುದು.

ಅಟ್ಟದ ಮೇಲಿದ್ದ ಆ ಕಂಪ್ಯೂಟರಿನ ಪೆಟ್ಟಿಗೆ ಈಗ ಕೆಳಗಿಳಿಯಿತು. ರೇಡಿಯೋ ರಿಪೇರಿಯವನು ಧೂಳು ಕೊಡವಿ, ಕ್ಯಾಸೆಟ್ ಪ್ಲೇಯರಿಗೆ ಹೊಸ ಬೆಲ್ಟು ಹಾಕಿ, ತನ್ನ ಅಂಗಡಿಯ ಹಳೇ ಡುಬ್ಬದ ಟಿವಿಯನ್ನೂ ಹೊತ್ತು ತಂದ. ಕೀ ಕೀ ಸದ್ದು ಕೇಳಿದ್ದೇ ಗುಂಡಿ ಚಿಕ್ಕಮ್ಮನ ಎದೆ ಝಲ್ಲೆಂದಿತು. ಅಕ್ಕನನ್ನು ಕರೆಯುವ ಮುಂಚೆ ಕೈ ಪಳಗಿಸಿಕೊಳ್ಳೋಣ ಅಂತ ಒಬ್ಬಳೇ ಆಡಲು ಕೂತಳು. ಮೊದಲ ಬಾವಿಗೇ ಬಿದ್ದಳು. ಮತ್ತೆ ಆಡಿದಳು, ಮತ್ತೆ ಅದೇ ಬಾವಿ.

"ಈ ಕೀಲಿ ಸರಿ ಇಲ್ಲ ಕಣಪ್ಪ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂತ ರಿಪೇರಿಯವನು ನಕ್ಕ. "ಕೀಲಿ ಚೆನ್ನಾಗೇ ಇದೆ ಚಿಕ್ಕಮ್ಮ. ಬಾವಿ ಬಂದ ಕೂಡಲೇ ನೀವ್ಯಾಕೆ ಕಣ್ಣು ಮುಚ್ಕೊಳ್ತೀರಿ?"

ಅವಳು ಬೆಪ್ಪಾದಳು. ಹೌದಲ್ಲ! ಬಾವಲಿಗೆ ಹೆದರಿ ಚಿಕ್ಕಂದಿನಲ್ಲಿ ಮುಚ್ಚಿದ ಕಣ್ಣು ಅದು. ಅಕ್ಕನ ದನಿ ಇರುವಾಗ ನೋಡುವ ದರ್ದು ಏನಿತ್ತು? ಹಾರುವಾಗ ಒಂದು ಬಾವಿಯನ್ನೂ ಅವಳು ಕಂಡವಳೇ ಅಲ್ಲ. ಈಗ ನೋಡಬಲ್ಲವಳಿಗೆ ಕಣ್ಣಿಲ್ಲ, ಕಣ್ಣಿದ್ದವಳಿಗೆ ನೋಡಿ ಅಭ್ಯಾಸವಿಲ್ಲ. ಅವಳಿಗೆ ಅಳುವೇ ಬಂತು.

ಹಾಗಂತ ಬಿಡುವವಳೇ? ಭಾನುವಾರ ಮಧ್ಯಾಹ್ನ ಕಿಟಕಿಯ ಪರದೆ ಎಳೆದು, ಅಕ್ಕನನ್ನು ಕೈ ಹಿಡಿದು ತಂದು ಕೂರಿಸಿದಳು.

"ಏನೇ ಇದು ಈ ವಯಸ್ಸಲ್ಲಿ? ನನಗೇನು ಕಾಣುತ್ತೆ, ಮಣ್ಣು!"

"ಬೆರಳಿಡು ಸುಮ್ಮನೆ."

ಕ್ಯಾಸೆಟ್ಟು ಕಿರುಚಿತು. ಅಕ್ಕನ ಬೆರಳುಗಳು ತಾವಾಗಿಯೇ ತಮ್ಮ ಕೀಲಿ ಹುಡುಕಿಕೊಂಡವು. ಓರೆಗಣ್ಣಿಗೆ ಏನೋ ಹಸಿರು ಮಂಜು ಕಂಡಿರಬೇಕು, ಅವಳ ಮುಖ ಅತ್ತ ವಾಲಿತು. ತಂಗಿ ಹಲ್ಲು ಕಚ್ಚಿ ಕಣ್ಣು ಅಗಲಿಸಿದಳು.

"ನಡಿ ಅಕ್ಕಾ, ನಡೀತಾ ಇರು, ಬಾವಿ ಬಂತು, ಬಿಡಬೇಡ..." ಅಂದು ತಾನೇ ನೋಡಿಕೊಂಡು ಒತ್ತಿದಳು. ಟೋಪಿಯವನು ತೇಲಿಕೊಂಡು ದಾಟಿದ. ಬಾವಿಯ ತಳದಲ್ಲಿ ಯಾರೋ ಪುಟ್ಟದೊಂದು ಹೂವು ಬಿಡಿಸಿದ್ದರು.

"ಅಕ್ಕಾ, ಬಾವಿಯೊಳಗೆ ಹೂವಿದೆ!"

"ಈಗ ಕಂಡಿತಾ ಪೆದ್ದಿ?" ಅಕ್ಕ ನಕ್ಕಳು. ಆ ನಗು ಕೇಳಿ ತಿಂಗಳುಗಳೇ ಆಗಿದ್ದವು.

ಬಿದ್ದರು, ಎದ್ದರು, ಒಬ್ಬರನ್ನೊಬ್ಬರು ಬೈದುಕೊಂಡರು. ಹಸಿರು ಕೋಣೆಗಳು ಒಂದರೊಳಗೊಂದು ತೆರೆದುಕೊಳ್ಳುತ್ತಾ ಹೋದವು, ಹೊರಗೆ ಬಿಸಿಲು ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ. ಕೊನೆಗೂ ಆ ಬಾಗಿಲು ಬಂತು. ಅಕ್ಕನ ಬೆರಳು ಒಂದು ಗಳಿಗೆ ತಡೆಯಿತು. ಈ ಸಲ ಅವಳು ಜಾರಲಿಲ್ಲ.

ಬಾಗಿಲಾಚೆ ಏನೂ ಇರಲಿಲ್ಲ. ಬರೀ ಕಪ್ಪು ಪರದೆ, ಮೂಲೆಯಲ್ಲಿ ಒಂದು ಸಾಲು: ಆಟ ಮುಗಿಯಿತು, ಮತ್ತೆ ಆಡಲು ಯಾವುದಾದರೂ ಕೀಲಿ ಒತ್ತಿ. ಗುಂಡಿ ಚಿಕ್ಕಮ್ಮ ಆ ಸಾಲನ್ನು ಮತ್ತೊಮ್ಮೆ ಓದಿದಳು. ಇಷ್ಟಕ್ಕೇ ಇಷ್ಟು ವರ್ಷ ಕಾದದ್ದೇ?

"ಏನಿದೆಯೇ?" ಅಕ್ಕ ಕೇಳಿದಳು.

"ತೋಟ ಇದೆ," ಅಂದಳು ತಂಗಿ. ಬಾಯಿಗೆ ಬಂದದ್ದು ಅದು. "ದೊಡ್ಡ ತೋಟ. ನಡುವೆ ಕೊಳ. ನೀರ ಮೇಲೆಲ್ಲ ಬೆಳಕು."

"ಟೋಪಿಯವನು ಎಲ್ಲಿ?"

"ಟೋಪಿ ತೆಗೆದು ಪಕ್ಕಕ್ಕಿಟ್ಟು, ನೀರಲ್ಲಿ ಕಾಲು ಬಿಟ್ಟು ಕೂತಿದ್ದಾನೆ. ತಲೆ ಪೂರಾ ಬೋಳು ಕಣೆ!"

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಸುಧಾರಿಸಿಕೊಂಡು, ತಂಗಿಯ ತೊಡೆ ಮೇಲೆ ಕೈಯಿಟ್ಟಳು.

"ಚಿಕ್ಕವಳಿದ್ದಾಗ ಒಂದ್ಸಲ ನೀನು ಜ್ವರ ಬಂದು ಮಲಗಿದ್ದೆಯಲ್ಲ, ಆಗಲೇ ನಾನೊಬ್ಬಳೇ ಆಡಿ ನೋಡಿದ್ದೆ ಕಣೆ. ಆಚೆ ಬರೀ ಕಪ್ಪು. ನಿನಗೆ ಅದನ್ನ ಹೇಗೆ ತೋರಿಸಲಿ? ಅದಕ್ಕೇ ಪ್ರತಿ ಸಲ ಬೇಕಂತಲೇ ಜಾರ್ತಿದ್ದೆ."

"ಕಳ್ಳಿ! ಮತ್ತೆ ಏನಿದೆ ಅಂತ ಯಾಕೆ ಕೇಳಿದೆ?"

"ಇನ್ಮೇಲೆ ಎಲ್ಲಾನೂ ನೋಡಿ ಹೇಳಬೇಕಾದವಳು ನೀನೇ ತಾನೆ. ಹೇಗೆ ಹೇಳ್ತೀಯೋ ನೋಡೋಣ ಅಂತ ಕೇಳಿದೆ."

ತಂಗಿ ಗೊಳೋ ಅಂತ ಅತ್ತುಬಿಟ್ಟಳು. ಅಕ್ಕ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಆಮೇಲೆ ಅಳುವೆಯಂತೆ. ಆ ಕೊಳದಲ್ಲಿ ಮೀನಿದೆಯಾ, ಅದನ್ನ ಹೇಳು ಮೊದಲು."