ಮಾಮಾನ ಗೋಡೆಯ ಹಿಂದಿನ ಚಂದ್ರ

ಹಸಿ ಸಿಮೆಂಟಿನ ವಾಸನೆ ಬಂದರೆ ನನಗೆ ಇವತ್ತಿಗೂ ಹೊಟ್ಟೆ ಹಸಿದಂತಾಗುತ್ತದೆ. ಕಾಂದಿವಲಿಯ ನಮ್ಮ ಬಿಲ್ಡಿಂಗಿನ ಪೂರ್ವಕ್ಕೆ ಈಗೊಂದು ಟವರ್ ಏಳುತ್ತಿದೆ. ಬೆಳಿಗ್ಗೆ ಹೊಸ ಗೋಡೆಗೆ ನೀರು ಹೊಡೆಯುತ್ತಾರೆ, ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತದೆ. ಮನೆಯವರೆಲ್ಲ ಧೂಳನ್ನು ಬೈಯುತ್ತಾರೆ. ನಾನು ಮಾತ್ರ, ಎಂದೋ ಸತ್ತುಹೋದ ಒಬ್ಬರನ್ನು ಮನಸ್ಸಿನಲ್ಲೇ ಬೈಯುತ್ತೇನೆ.

ಅವರನ್ನು ನಾನು ಮಾಸ್ತರ್ ಮಾಮಾ ಎನ್ನುತ್ತಿದ್ದೆ. ಎಪ್ಪತ್ತರ ದಶಕದ ಶುರುವಿನಲ್ಲಿ ಚೆಂಬೂರಿನ ಚಾಳಿನಲ್ಲಿ ನಮ್ಮ ಪಕ್ಕದ ಒಂಟಿಕೋಣೆಯ ಖೋಲಿಯವರು. ಫೋರ್ಟ್ ಕಡೆಯ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ರಕ್ತಸಂಬಂಧ ಏನೂ ಇರಲಿಲ್ಲ. ಅವರೂ ಗದಗಿನ ಕಡೆಯವರು, ನಾವೂ ಗದಗಿನ ಕಡೆಯವರು, ಅಷ್ಟೇ. ಆದರೆ ನನ್ನ ಅವ್ವನಿಗೆ ಒಡಹುಟ್ಟಿದವರು ಇರಲಿಲ್ಲ. ಮುಂಬಯಿಗೆ ಬಂದ ಮೊದಲ ವರ್ಷದ ನಾಗರಪಂಚಮಿಗೆ ಎಳ್ಳು ಶೇಂಗಾದ ಉಂಡಿ ಕಟ್ಟಿಟ್ಟುಕೊಂಡು, ಕೊಡಲು ಅಣ್ಣತಮ್ಮಂದಿರಿಲ್ಲವೆಂದು ಮುಖ ಸಣ್ಣದು ಮಾಡಿ ಕೂತಿದ್ದಾಗ ಅವರೇ ಬಾಗಿಲಿಗೆ ಬಂದು, "ತಂಗೀ, ಅಣ್ಣಗ ಉಂಡಿ ಇಲ್ಲೇನು?" ಎಂದರಂತೆ. ಅಂದಿನಿಂದ ಅವರು ಅವ್ವನಿಗೆ ಅಣ್ಣಾರು, ಅವರ ಹೆಂಡತಿ ವೈನಿ.

ಅವ್ವ ಸಂಕಷ್ಟಿ ಬಿಟ್ಟವಳಲ್ಲ. ಹುಣ್ಣಿಮೆ ಕಳೆದ ಚೌತಿಗೆ ಹಗಲೆಲ್ಲ ಉಪವಾಸ, ರಾತ್ರಿ ಚಂದ್ರನ ಮುಖ ನೋಡಿದ ಮೇಲೆಯೇ ಊಟ. ಊರಿನಿಂದ ಅಜ್ಜ ಕಳಿಸಿದ ಪಂಚಾಂಗ ಗೋಡೆಗೆ ತೂಗುತ್ತಿತ್ತು. ಒಮ್ಮೆ ಅದರಲ್ಲಿದ್ದ ಹೊತ್ತಿಗೆ ಸರಿಯಾಗಿ, ಚಂದ್ರ ಮೋಡದ ಮರೆಯಲ್ಲಿರಬೇಕೆಂದುಕೊಂಡು, ಪೂರ್ವಕ್ಕೆ ಕೈಮುಗಿದು ಊಟಕ್ಕೆ ಕೂತುಬಿಟ್ಟಳು. ನಾಲ್ಕು ತುತ್ತು ಇಳಿಯುವಷ್ಟರಲ್ಲಿ ಗ್ಯಾಲರಿಯಲ್ಲಿ ನಿಂತಿದ್ದ ಮರಾಠಿ ಹೆಂಗಸರು ಚಂದ್ರ ಈಗ ಬಂದನೆಂದರು. ಅವ್ವ ತಾಟಿನ ಮುಂದೆಯೇ ಅಳತೊಡಗಿದಳು.

ಸಮಾಧಾನ ಮಾಡಿದ್ದು ಮಾಮಾನೇ. "ಪಂಚಾಂಗದ್ದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ ತಂಗಿ. ಅದು ಊರಿನ ಹೊತ್ತು. ನಾವು ಪಶ್ಚಿಮಕ್ಕ ಸರದು ಬಂದೀವಿ. ಚಂದ್ರ ಮೊದಲ ಊರವರಿಗೆ ಕಾಣತಾನ, ಆಮ್ಯಾಲ ನಮಗ."

ಆಮೇಲೆ ನಮ್ಮ ಮನೆಗೆ ಅವರೇ ಪಂಚಾಂಗವಾದರು. ಮಳೆಗಾಲದಲ್ಲಿ ಆಕಾಶ ಮುಚ್ಚಿಕೊಂಡಿದ್ದರೆ ಊರಿನ ಹೊತ್ತಿಗೆ ಇಲ್ಲಿಯ ತಡವನ್ನು ಸೇರಿಸಿ ಲೆಕ್ಕ ಹಾಕುತ್ತಿದ್ದರು. ಹೊತ್ತಾದಾಗ ನಡುಗೋಡೆಯನ್ನು ತಟ್ಟಿ, "ಚಂದ್ರ ಎದ್ದಾನ, ಉಣ್ಣು ತಂಗಿ" ಎನ್ನುತ್ತಿದ್ದರು. ಮರಾಠಿ ಹೆಂಗಸರು ಇನ್ನೂ ಮೋಡ ನೋಡುತ್ತ ನಿಂತಿರುವಾಗಲೇ ಅವ್ವ ಊಟ ಮುಗಿಸಿರುತ್ತಿದ್ದಳು. ಕಣ್ಣಿಗೆ ಕಾಣದ ಚಂದ್ರನನ್ನು ಅವರ ಮಾತಿನ ಮೇಲೆ ನಂಬಿದಳು.

ಚಾಳಿನ ಪೂರ್ವಕ್ಕೆ ಒಂದು ಬಯಲಿತ್ತು. ಅದರಾಚೆ ರಿಫೈನರಿಯ ಚಿಮಣಿಗಳು, ಇನ್ನೂ ಆಚೆ ಗುಡ್ಡದ ಗೆರೆ. ಚಂದ್ರ ದಿನಾ ಯಾಕೆ ತಡವಾಗಿ ಬರುತ್ತಾನೆಂದು ನಾನು ಕೇಳಿದ್ದಕ್ಕೆ ಮಾಮಾ ನನ್ನನ್ನು ಆ ಬಯಲಿನ ನಡುವೆ ನಿಲ್ಲಿಸಿದರು. ನಾನು ಭೂಮಿ, ನಿಂತಲ್ಲೇ ಗಿರಗಿರ ತಿರುಗಬೇಕು. ಅವರು ತಂಬಿಗೆ ಹಿಡಿದು, ನಾನು ತಿರುಗುವ ದಿಕ್ಕಿಗೇ ನನ್ನ ಸುತ್ತ ನಿಧಾನ ನಡೆದರು. ಒಂದು ಸುತ್ತು ಮುಗಿಸಿ ಮೊದಲಿನ ಜಾಗಕ್ಕೆ ಮುಖ ಮಾಡಿದರೆ ಅವರು ಅಲ್ಲಿಲ್ಲ, ಒಂದೆರಡು ಹೆಜ್ಜೆ ಮುಂದೆ ಹೋಗಿದ್ದಾರೆ. ಅವರನ್ನು ನೋಡಲು ನಾನು ಇನ್ನೊಂಚೂರು ತಿರುಗಬೇಕಾಯಿತು. ಆ ಒಂಚೂರೇ ದಿನದಿನದ ತಡ. ಅದೂ ವರ್ಷವಿಡೀ ಒಂದೇ ಸಮ ಇರುವುದಿಲ್ಲ, ಚಂದ್ರನ ದಾರಿ ದಿಗಂತಕ್ಕೆ ಓರೆ, ಆ ಓರೆ ತಿಂಗಳಿಂದ ತಿಂಗಳಿಗೆ ಬೇರೆ ಎಂದರು. ಅದಕ್ಕೇ ಭಾದ್ರಪದದ ಸಂಕಷ್ಟಿಗೆ ಬೇಗ ಊಟ, ಚೈತ್ರದಲ್ಲಿ ಹೊಟ್ಟೆ ತಾಳ ಹಾಕುವವರೆಗೆ ಕಾಯಬೇಕು.

ಚಿಮಣಿಗಳ ನಡುವಿನಿಂದ ಚಂದ್ರ ಏಳುವಾಗ ರೊಟ್ಟಿ ಹಂಚಿನಷ್ಟು ದೊಡ್ಡದಾಗಿ, ಕೆಂಪಗೆ ಇರುತ್ತಿದ್ದ. ದಪ್ಪ ಗಾಳಿ, ಧೂಳು, ಹೊಗೆ ದಾಟಿ ಬರುವಾಗ ನೀಲಿ ದಾರಿಯಲ್ಲೇ ಚದುರಿ ಕೆಂಪು ಮಾತ್ರ ನಮ್ಮ ತನಕ ಬರುತ್ತದೆ ಎಂದು ಮಾಮಾ ಹೇಳಿದರು. ತೋಳು ಚಾಚಿ ಕಿರುಬೆರಳು ಅಡ್ಡ ಹಿಡಿ ಎಂದರು. ಹಿಡಿದೆ, ಅಷ್ಟು ದೊಡ್ಡ ಚಂದ್ರ ಬೆರಳ ಹಿಂದೆ ಮುಚ್ಚಿಹೋದ. ನೆತ್ತಿಗೆ ಬಂದ ಮೇಲೆ ಹಿಡಿದರೂ ಅಷ್ಟೇ. "ದೊಡ್ಡಾಂವ ಆಗಿ ಕಾಣೂದು ಕಣ್ಣಿನ ಮೋಸ" ಎಂದು ನಕ್ಕರು. ಅವರಷ್ಟು ದೊಡ್ಡವರು ನನಗೆ ಆಗ ಬೇರೆ ಯಾರೂ ಇರಲಿಲ್ಲ...

ಆ ಬಯಲಿನಲ್ಲಿ ಹೊಸ ಬಿಲ್ಡಿಂಗ್ ಕಟ್ಟಿಸುವ ಮಾತು ಚಾಳಿನ ಮಾಲೀಕನಿಂದ ಬಂತು. ಚಾಳಿನ ಗಾಳಿ ಬೆಳಕು ಮುಚ್ಚಿಹೋಗುತ್ತದೆ, ಎಲ್ಲ ಒಗ್ಗಟ್ಟಾಗಿ ಅಡ್ಡ ನಿಂತರೆ ಅವನು ಹಿಂದೆ ಸರಿಯುತ್ತಾನೆಂದು ಹಿರಿಯರು ಮಾತಾಡಿಕೊಂಡರು. ನಮ್ಮೆಲ್ಲರ ಪರವಾಗಿ ಅವನ ಜೊತೆ ಮಾತಾಡಲು ಮಾಮಾನನ್ನೇ ಆರಿಸಿದರು. ಬಯಲಿನಲ್ಲಿ ನಿಂತು ಅವರು, "ನಾ ಇರೂತನಕ ಇಲ್ಲಿ ಒಂದು ಇಟ್ಟಂಗಿ ಏಳೂದಿಲ್ಲ" ಎಂದರು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವಳು ಅವ್ವ.

ಆ ವರ್ಷ ಪಂಚಮಿಗೆ ಅವರು ಉಂಡಿಗೆ ಬರಲಿಲ್ಲ. ಮೈ ಹುಷಾರಿಲ್ಲವೆಂದು ವೈನಿ ಬಂದು ತೆಗೆದುಕೊಂಡು ಹೋದರು. ಮಳೆ ನಿಂತ ಕೂಡಲೇ ಬಯಲಿಗೆ ಲಾರಿಗಳು ಬಂದವು. ಗಂಡಸರು ಅಡ್ಡ ನಿಂತರೆ ಮಾಲೀಕ ನಕ್ಕುಬಿಟ್ಟ. ನಿಮ್ಮ ಮಾಸ್ತರೇ ಬಂದು ಯಾರದೂ ತಕರಾರಿಲ್ಲವೆಂದು ಹೇಳಿ ಹೋಗಿದ್ದಾರೆ, ಹೊಸ ಬಿಲ್ಡಿಂಗಿನ ಮೇಲಿನ ಮಾಳಿಗೆಯಲ್ಲಿ ಅವರಿಗೊಂದು ಮನೆಯೂ ನಿಗದಿಯಾಗಿದೆ ಎಂದ.

ಅವ್ವ ನಂಬಲಿಲ್ಲ. ನೇರ ಹೋಗಿ ಅವರನ್ನೇ ಕೇಳಿದಳು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ. ಮಾಮಾ ನೆಲ ನೋಡುತ್ತ, "ಹುಡುಗೂರು ದೊಡ್ಡವು ಆಗ್ಯಾವ ತಂಗಿ. ಒಂದ ಖೋಲಿಯೊಳಗ ಎಷ್ಟಂತ ದಿನ..." ಎಂದರು.

"ನಮ್ಮವೇನು ಸಣ್ಣವದಾವೇನ್ರಿ ಅಣ್ಣಾರ?" ಎಂದು ಕೇಳಿ ಅವ್ವ ತಿರುಗಿ ಬಂದಳು.

ಗೋಡೆ ಮಾಳಿಗೆ ಮಾಳಿಗೆಯಾಗಿ ಏರಿತು. ಚಿಮಣಿಗಳು ಮರೆಯಾದವು, ಗುಡ್ಡ ಮರೆಯಾಯಿತು, ಹಂಚಿನಂಥ ಕೆಂಪು ಚಂದ್ರ ನಮ್ಮ ಪಾಲಿಗೆ ಇಲ್ಲವೇ ಆದ. ಪ್ರತಿ ಸಂಕಷ್ಟಿಗೂ ಅವನು ಇನ್ನಷ್ಟು ತಡವಾಗಿ, ಸಣ್ಣಗೆ, ಬೆಳ್ಳಗೆ, ಗೋಡೆಯ ನೆತ್ತಿಯ ಮೇಲೆ ಇಣುಕುತ್ತಿದ್ದ. ಅವ್ವ ಹಸಿ ಸಿಮೆಂಟಿನ ವಾಸನೆ ಕುಡಿಯುತ್ತ ಗ್ಯಾಲರಿಯಲ್ಲಿ ಕೂತಿರುತ್ತಿದ್ದಳು, ನಾನೂ ಉಣ್ಣದೆ ಅವಳ ಪಕ್ಕ. ಒಳಗೆ ಅನ್ನ ತಣ್ಣಗಾಗುತ್ತಿತ್ತು. ನನ್ನ ಸಿಟ್ಟು ಇದಕ್ಕೇ: ಕಟ್ಟಿದ ಮಾಲೀಕನಿಗೆ ಚಂದ್ರನ ವಿಚಾರ ತಿಳಿಯದು. ಮಾಮಾನಿಗೆ ತಿಳಿದಿತ್ತು. ಎಷ್ಟು ಎತ್ತರದ ಗೋಡೆಗೆ ತಂಗಿ ಎಷ್ಟು ಹೊತ್ತು ಹಸಿದಿರಬೇಕಾಗುತ್ತದೆಂದು ಲೆಕ್ಕ ಹಾಕಬಲ್ಲವರು ಇಡೀ ಚಾಳಿಗೆ ಅವರೊಬ್ಬರೇ.

ಮಾಮಾನ ಮನೆಯವರು ಹೊಸ ಬಿಲ್ಡಿಂಗಿಗೆ ಹೋದ ಮೇಲೆ ಬಂದ ಚೈತ್ರದ ಸಂಕಷ್ಟಿ. ಮೊದಲೇ ತಡದ ಚಂದ್ರ, ಮೇಲೆ ಗೋಡೆ. ಅವ್ವನಿಗೆ ಕಣ್ಣು ಕತ್ತಲೆ ಬಂದು ಕಂಬಕ್ಕೆ ಒರಗಿದಳು. ಯಾರು ಹೇಳಿದರೋ, ಮಾಮಾ ಇಳಿದು ಬಂದರು. ತೀರ ಹಳೆಯ ದನಿಯಲ್ಲೇ, "ಚಂದ್ರ ಎದ್ದು ಬಾಳ ಹೊತ್ತಾತು. ಈಗ ನೋಡೇ ಬಂದೀನಿ. ಉಣ್ಣು ತಂಗಿ" ಎಂದರು.

"ನಿಮ್ಮ ಮಾತಿನ ಮ್ಯಾಲ ನೋಡದನ ಉಂಡಾಕಿ ನಾನು, ಅಣ್ಣಾರ. ಇನ್ನ ಕಣ್ಣೀಲೆ ಕಂಡ ಮ್ಯಾಲನ."

ಅವರು ತಿರುಗಿ ಹೋದರು. ಚಂದ್ರ ಗೋಡೆ ದಾಟಿ ಬರುವವರೆಗೂ ಅವ್ವ ನೀರನ್ನೂ ಮುಟ್ಟಲಿಲ್ಲ.

ಮುಂದೆ ಅವರ ಜೊತೆ ಮಾತೇ ಇರಲಿಲ್ಲ. ಪಂಚಮಿಗೆ ಉಂಡಿ ಕಟ್ಟುವುದೂ ನಿಂತಿತು. ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅವರು ತೀರಿಕೊಂಡ ಸುದ್ದಿ ಬಂತು. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಎದ್ದಳು. ಖೋಲಿಯ ಮೂಲೆಯ ಬಚ್ಚಲು ಮೋರಿಗೆ ಹೋಗಿ, ಉಟ್ಟ ಸೀರೆಯಲ್ಲೇ, ತಲೆಯ ಮೇಲೆ ಒಂದು ತಂಬಿಗೆ ತಣ್ಣೀರು ಸುರಿದುಕೊಂಡಳು. ಒಡಹುಟ್ಟಿದವರು ಹೋದರೆ ಹಾಕಿಕೊಳ್ಳುವ ನೀರು ಅದು. ಆ ದಿನ ಅವ್ವನ ಮೇಲೂ ನನಗೆ ಸಿಟ್ಟು ಬಂತು. ಅಷ್ಟು ವರ್ಷ ಅವಳ ಪರವಾಗಿ ಹಲ್ಲು ಕಚ್ಚಿ ಕೂತಿದ್ದ ನನ್ನನ್ನು ಒಂಟಿ ಮಾಡಿ ಅವಳು ಅಣ್ಣನ ಕಡೆ ಹೋಗಿಬಿಟ್ಟಳು.

ಈಗ ಅವ್ವನೂ ಇಲ್ಲ. ನಾನು ಉಪವಾಸ ಮಾಡುವವಳಲ್ಲ. ಆದರೂ ಸಂಕಷ್ಟಿಯ ರಾತ್ರಿ ಕಿಟಕಿಗೆ ಬಂದು ನಿಲ್ಲುತ್ತೇನೆ. ನಿನ್ನೆಯೂ ನಿಂತಿದ್ದೆ. ಮೊಬೈಲು ಚಂದ್ರ ಹುಟ್ಟಿದ್ದಾನೆ ಎಂದಿತು, ಎದುರಿಗೆ ಒದ್ದೆ ಗೋಡೆ. ಅದರ ಹಿಂದೆ ಅವನು ಎಲ್ಲಿರಬೇಕು, ಯಾವ ಬಣ್ಣದಲ್ಲಿರಬೇಕು, ಎಲ್ಲ ನನಗೆ ಗೊತ್ತು. ಕಲಿಸಿದವರು ಅವರೇ. ಮೋರಿಯ ಆ ಒಂದು ತಂಬಿಗೆ ನೀರನ್ನು ಮಾತ್ರ ಅವರ ಹೆಸರಿಗೆ ತಲೆಯ ಮೇಲೆ ಹಾಕಿಕೊಳ್ಳಲು ನನ್ನ ಕೈ ಇವತ್ತಿಗೂ ಎದ್ದಿಲ್ಲ.