ಕಬ್ಬು ಕಡಿಯುವ ಕೈ, ಭತ್ತ ಬಡಿಯುವ ಕಾಲು

ಕಳೆದ ವಾರ ನನ್ನ ಗಾಲ್ಫ್ ತರಬೇತಿ ಪರವಾನಗಿಯ ನವೀಕರಣದ ಅರ್ಜಿಗಾಗಿ ಕಚೇರಿಯ ಕಬ್ಬಿಣದ ಬೀರುವನ್ನು ತೆರೆದಾಗ, ಬಿಸಿಲಿಗೆ ಕಾದ ಸೈಕಲ್ ಟ್ಯೂಬಿನ ವಾಸನೆ ಬಂದಿತು. ಬೀರುವಿನ ಮೂಲೆಯಲ್ಲಿ ಒಂದು ಹಳೆಯ ಗಾಲ್ಫ್ ಕ್ಲಬ್, ಚೆಂಡು ಹೊಡೆಯುವ ಉದ್ದನೆಯ ಕೋಲು, ನಿಂತಿತ್ತು. ಅದರ ಹಿಡಿ ಎಂದೋ ಸವೆದುಹೋಗಿ, ಅದರ ಮೇಲೆ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಲಾಗಿದೆ. ಸುತ್ತಿದವರು ನಮ್ಮ ಎದುರುಮನೆಯ ದೊಡ್ಡಪ್ಪ. ಅವರು ನಮಗೆ ರಕ್ತಸಂಬಂಧಿಗಳಲ್ಲ. ಯಲಿಯೂರಿನ ನಮ್ಮ ಬೀದಿಯ ಮಕ್ಕಳೆಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದುದರಿಂದ ನಾನೂ ಕರೆಯುತ್ತಿದ್ದೆ.

ದೊಡ್ಡಪ್ಪ ಹರೆಯದಲ್ಲಿಯೇ ಬೆಂಗಳೂರಿಗೆ ಹೋಗಿ, ಅಲ್ಲಿನ ಒಂದು ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುವ ಕೆಲಸವನ್ನು ಬಹಳ ವರ್ಷ ಮಾಡಿದ್ದರು. ಮಂಡಿ ಸೋತ ಮೇಲೆ ಊರಿಗೆ ಮರಳಿ, ಕಾಲುವೆಯ ಬದಿಯ ತಮ್ಮ ತುಂಡು ಗದ್ದೆಯನ್ನು ನೋಡಿಕೊಂಡಿದ್ದರು. ಈ ಸಂಗತಿ ಊರಿಗೆಲ್ಲ ತಿಳಿದಿತ್ತು. ಆದರೆ ಗಾಲ್ಫ್ ಎಂದರೇನೆಂಬುದು ಊರಿಗೆ ತಿಳಿಯದಿದ್ದುದರಿಂದ ಯಾರೂ ಅದರ ಬಗ್ಗೆ ಕೇಳುತ್ತಿರಲಿಲ್ಲ. ನಾನೂ ಕೇಳಿರಲಿಲ್ಲ...

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ದೈಹಿಕ ಶಿಕ್ಷಣದಲ್ಲಿ ಪದವಿ ಮುಗಿಸಿ ಎರಡು ವರ್ಷವಾದರೂ ಕೆಲಸ ದೊರೆತಿರಲಿಲ್ಲ. "ಓದ್ಸಿದ್ದು ಓಟ ಓಡಾಕಾ?" ಎಂದು ನೆಂಟರು ನಗುವಾಗ ಅಮ್ಮ ಎದ್ದು ಒಳಗೆ ಹೋಗುತ್ತಿದ್ದರು. ಆಗ ಮದ್ದೂರಿನಿಂದ ಮುಂದೆ, ಹೆದ್ದಾರಿಯ ಬದಿಯ ಒಂದು ರೆಸಾರ್ಟಿನವರು ತಮ್ಮ ಹೊಸ ಗಾಲ್ಫ್ ಮೈದಾನಕ್ಕೆ ಸಹಾಯಕ ತರಬೇತುದಾರರು ಬೇಕೆಂದು ಪ್ರಕಟಿಸಿದರು. ನಾನು ಒಂದು ಶಿಬಿರಕ್ಕೆ ಹೋಗಿ ಪ್ರಮಾಣಪತ್ರ ಪಡೆದು, ಒಂದು ಪುಸ್ತಕವನ್ನೂ ಕೊಂಡು ಅಭ್ಯಾಸ ಮಾಡಿದೆ. ಮೌಖಿಕ ಪರೀಕ್ಷೆಯಲ್ಲಿ ತೇರ್ಗಡೆಯಾದೆ. ಆದರೆ ಚೆಂಡನ್ನು ಹೊಡೆಯುವಾಗ ಕ್ಲಬ್ಬಿನ ತಲೆಯ ವೇಗವನ್ನು ಅಳೆಯುವ ಯಂತ್ರವೊಂದಿತ್ತು. ಅವರು ನಿಗದಿಪಡಿಸಿದ್ದ ವೇಗವನ್ನು ನಾನು ಮುಟ್ಟಲಿಲ್ಲ. ಆರು ವಾರಗಳ ನಂತರ ಇನ್ನೊಂದೇ ಅವಕಾಶ ಕೊಡುವುದಾಗಿ ಹೇಳಿ ಕಳುಹಿಸಿದರು.

ಮರುದಿನ ನಮ್ಮ ಮನೆಯ ಹಿಂದಿನ ಕಣದಲ್ಲಿ ಪುಸ್ತಕವನ್ನು ಕಲ್ಲಿಗೆ ಒರಗಿಸಿಟ್ಟು ಕ್ಲಬ್ ಬೀಸುತ್ತಿದ್ದೆ. ದೊಡ್ಡಪ್ಪ ಹುಲ್ಲಿನ ಹೊರೆ ಇಳಿಸಿ, ಬೇಲಿಯ ಆಚೆ ನಿಂತು ನೋಡುತ್ತಿದ್ದರು.

"ಏನವ್ವಾ, ಕಬ್ಬು ಕಡೀತಿದ್ದೀಯಾ?"

"ಇಲ್ಲ ದೊಡ್ಡಪ್ಪ. ಪುಸ್ತಕದ ಮೂರನೆಯ ಚಿತ್ರದಲ್ಲಿ ಹೀಗೆಯೇ ಇದೆ."

ಅವರು ಬೇಲಿ ಸರಿಸಿ ಒಳಗೆ ಬಂದು, ಬಗ್ಗಿ ಪುಸ್ತಕವನ್ನು ನೋಡಿದರು. "ಮೂರ್ನೇದು ಸರಿ ಅದೆ. ನಾಕ್ನೇದೂ ಸರಿ ಅದೆ. ಮೂರ್ನೇದ್ರಿಂದ ನಾಕ್ನೇದುಕ್ಕೆ ಎಂಗೆ ಓಗ್ಬೇಕು ಅನ್ನೋದು ಎಲ್ಲದೆ? ತೋರ್ಸು."

ನಾನು ಪುಟ ತಿರುವಿದೆ. ಅದು ಎಲ್ಲಿಯೂ ಇರಲಿಲ್ಲ.

ನನ್ನ ತಪ್ಪನ್ನು ಈಗ ನಾನು ಹೀಗೆ ವಿವರಿಸಬಲ್ಲೆ. ಕ್ಲಬ್ಬನ್ನು ಹಿಂದಕ್ಕೆ ಎತ್ತಿ, ಮೇಲೆ ಕ್ಷಣಕಾಲ ನಿಂತು, ಎಲ್ಲವೂ ಚಿತ್ರದಂತಿದೆಯೇ ಎಂದು ಮನಸ್ಸಿನಲ್ಲಿ ಪರಿಶೀಲಿಸಿ, ಆ ಮೇಲೆ ತೋಳಿನಿಂದ ಕೆಳಕ್ಕೆ ಎಳೆಯುತ್ತಿದ್ದೆ. ಚಿಕ್ಕಂದಿನಿಂದ ಗದ್ದೆಯಲ್ಲಿ ಮಚ್ಚು ಹಿಡಿದು ಕಬ್ಬು ಕಡಿದ ಕೈ ನನ್ನದು. ಕಬ್ಬಿಗೆ ಕೈಯೇ ಮುಂದಾಗಬೇಕು. ಆದರೆ ಕ್ಲಬ್ಬಿನಲ್ಲಿ ಕೈ ಮುಂದಾದರೆ, ಅದರ ತಲೆ ಬೇಗನೆ ಮುಂದಕ್ಕೆ ಬೀಸಿಕೊಂಡು, ವೇಗವೆಲ್ಲ ಚೆಂಡನ್ನು ತಲುಪುವ ಮೊದಲೇ ಗಾಳಿಯಲ್ಲಿ ಮುಗಿದುಹೋಗುತ್ತದೆ.

ದೊಡ್ಡಪ್ಪ ಇಷ್ಟನ್ನೆಲ್ಲ ಹೇಳಲಿಲ್ಲ. ಕ್ಲಬ್ಬನ್ನು ಕಿತ್ತುಕೊಂಡು, "ನಾಳಿಕೆ ಗದ್ದೆತಾವ ಬಾ" ಎಂದರು.

ಅವರ ಗದ್ದೆಗೆ ಕೊಯ್ಲಿನ ಯಂತ್ರ ಇಳಿಯುವಷ್ಟು ದಾರಿಯಿರಲಿಲ್ಲ. ಊರಿನಲ್ಲಿ ಇನ್ನೂ ಕೈಯಿಂದ ಭತ್ತ ಬಡಿಯುತ್ತಿದ್ದವರು ಅವರೊಬ್ಬರೇ. ಕೊಯ್ದು ಕಟ್ಟಿದ ಪೈರಿನ ಸಣ್ಣ ಕಟ್ಟಿಗೆ ನಮ್ಮಲ್ಲಿ ಸಿವುಡು ಎನ್ನುತ್ತಾರೆ. ಒಂದು ಸಿವುಡನ್ನು ನನ್ನ ಕೈಗೆ ಕೊಟ್ಟು, ಓರೆಯಾಗಿ ನಿಲ್ಲಿಸಿದ ಕಲ್ಲನ್ನು ತೋರಿಸಿ ಬಡಿಯಲು ಹೇಳಿದರು. ನಾನು ಭುಜದ ಮೇಲೆತ್ತಿ, ನಿಂತು, ಎಳೆದು ಬಡಿದೆ. ಅವರು ಸಿವುಡನ್ನು ಬಿಡಿಸಿ, ತೆನೆಯಲ್ಲಿ ಉಳಿದ ಕಾಳುಗಳನ್ನು ನನ್ನ ಮುಖದ ಮುಂದೆ ಹಿಡಿದರು.

"ಕಾಳು ಉಳ್ಕತು. ಕೋಳಿಗೆ ಆಯ್ತು, ನಮ್ಗೇನಾಯ್ತು?"

ಆಮೇಲೆ ತಾವೇ ಬಡಿದು ತೋರಿಸಿದರು. ಆ ದೃಶ್ಯ ನನಗೆ ಇಂದಿಗೂ ಸ್ಪಷ್ಟವಾಗಿದೆ. ಸಿವುಡಿನ ತುದಿ ಇನ್ನೂ ಬೆನ್ನ ಹಿಂದಕ್ಕೆ ಹೋಗುತ್ತಲೇ ಇತ್ತು. ಅಷ್ಟರಲ್ಲಿಯೇ ಅವರ ಎಡಗಾಲು ನೆಲವನ್ನು ಒತ್ತಿ ಆಗಿತ್ತು. ಕಾಲಿನ ಹಿಂದೆ ಸೊಂಟ, ಸೊಂಟದ ಹಿಂದೆ ಹೆಗಲು ತಿರುಗಿದವು. ಕೈಗಳು ಸುಮ್ಮನೆ ಜೊತೆಗೆ ಬಂದವು. ಎಲ್ಲಕ್ಕಿಂತ ಕಡೆಗೆ ಬಂದ ತೆನೆ ಮಾತ್ರ ಚಾಟಿಯಂತೆ ಕಲ್ಲಿಗೆ ಅಪ್ಪಳಿಸಿತು.

"ಮ್ಯಾಲೆ ನಿಲ್ಲೋ ಜಾಗ್ವೇ ಇಲ್ಲ ಕಣವ್ವ. ಅದು ಇನ್ನೂ ಇಂದಕ್ಕೆ ಓಯ್ತಿರ್ಬೇಕು, ನೀನು ಆಗ್ಲೇ ಮುಂದಕ್ಕೆ ಒಂಟಿರ್ಬೇಕು."

ಐದು ವಾರ ನಾನು ಚೆಂಡನ್ನು ಮುಟ್ಟಲಿಲ್ಲ. ಅವರ ಭತ್ತ ಮುಗಿದ ಮೇಲೆ ಬರಿಯ ಹುಲ್ಲನ್ನೇ ಬಡಿದೆ. ಬೀದಿಯವರು ಗದ್ದೆಯ ಬದುವಿನಲ್ಲಿ ನಿಂತು, "ಡಿಗ್ರಿ ಮಾಡ್ದೋಳ್ನ ಕೂಲಿಗೆ ಮಡೀಕಂಡವ್ನೆ ನೋಡ್ಲಾ" ಎಂದು ನಕ್ಕರು. "ಸಂಬಳ ಕೊಡ್ತಿಲ್ಲ ಕಣ್ಲಾ, ಅದ್ಕೇ ಇಷ್ಟು ಚೆಂದಾಗಿ ಬಡೀತಾಳೆ" ಎಂದರು ದೊಡ್ಡಪ್ಪ. ನನಗೆ ಅವಮಾನವಾಗುತ್ತಿತ್ತು. ಆದರೂ ಹೋಗುತ್ತಿದ್ದೆ. ಕಡೆಯ ವಾರ ಅವರು ತಮ್ಮ ಟ್ಯೂಬು ಸುತ್ತಿದ ಕ್ಲಬ್ಬನ್ನು ಕೈಗೆ ಕೊಟ್ಟು, "ಇದೂ ಸಿವುಡೇ ಅನ್ಕೊ" ಎಂದರು.

ಎರಡನೆಯ ಪರೀಕ್ಷೆಗೆ ನನ್ನೊಂದಿಗೆ ಬಸ್ಸಿನಲ್ಲಿ ಬಂದರು. ಇಳಿದ ಕೂಡಲೇ, ನಾನು ಬೇಡವೆಂದರೂ, ನನ್ನ ಕ್ಲಬ್ಬುಗಳ ಚೀಲವನ್ನು ಹೆಗಲಿಗೇರಿಸಿಕೊಂಡು ನನ್ನಿಂದ ಎರಡು ಹೆಜ್ಜೆ ಹಿಂದೆ ನಡೆದರು. ಅದು ಅವರ ಹಳೆಯ ಅಭ್ಯಾಸವಾಗಿತ್ತು.

ಅಲ್ಲಿ ಒಂದು ನಮೂನೆಯನ್ನು ತುಂಬಬೇಕಾಗಿತ್ತು. ಅದರಲ್ಲಿ "ತರಬೇತಿ ನೀಡಿದವರ ಹೆಸರು" ಎಂಬ ಕಾಲಂ ಇತ್ತು, ಪಕ್ಕದಲ್ಲಿ "ಅವರ ವಿದ್ಯಾರ್ಹತೆ" ಎಂದಿತ್ತು. ನನ್ನ ಪೆನ್ನು ನಿಂತಿತು. ಚೀಲ ಹೊರುತ್ತಿದ್ದವರೆಂದು ಬರೆದರೆ ನನ್ನ ಅರ್ಜಿಯೇ ಹಗುರವಾದೀತೆಂದು ಭಯಪಟ್ಟೆ. ಎರಡನ್ನೂ ಖಾಲಿ ಬಿಟ್ಟೆ. ಪರೀಕ್ಷೆ ನಡೆಸುತ್ತಿದ್ದ ಅಧಿಕಾರಿಗಳು ಅದನ್ನು ನೋಡಿ, "ನೀವೇ ಕಲಿತದ್ದೇ?" ಎಂದು ಕೇಳಿದರು.

"ಹೌದು ಸರ್."

ದೊಡ್ಡಪ್ಪ ಎರಡು ಹೆಜ್ಜೆ ಹಿಂದೆ ನಿಂತಿದ್ದರು.

ಮೂರು ಹೊಡೆತಗಳಿಗೆ ಅವಕಾಶವಿತ್ತು. ಮೊದಲನೆಯದರಲ್ಲಿ ಮೇಲೆ ನಿಂತುಬಿಟ್ಟೆ. ಎರಡನೆಯದರಲ್ಲಿಯೂ ಕೈಯೇ ಮುಂದಾಯಿತು. ಯಂತ್ರದ ಅಂಕಿ ಹಿಂದಿನಷ್ಟೇ ಬಂದಿತು. ಆಗ ಹಿಂದಿನಿಂದ, ಯಾರಿಗೂ ಅಲ್ಲವೆಂಬಂತೆ, ಒಂದು ಮಾತು ಕೇಳಿಸಿತು.

"ಕಾಳು ಉಳ್ಕತು."

ಅಧಿಕಾರಿಗಳು ತಿರುಗಿ ನೋಡಿದರು, ಅವರಿಗೆ ಅರ್ಥವಾಗಲಿಲ್ಲ. ನಾನು ಪುಸ್ತಕದ ಚಿತ್ರಗಳನ್ನು ಬಿಟ್ಟು, ಕಲ್ಲನ್ನು ಮಾತ್ರ ನೆನೆದುಕೊಂಡೆ. ಕ್ಲಬ್ ಹಿಂದಕ್ಕೆ ಹೋಗುತ್ತಿರುವಾಗಲೇ ಎಡಗಾಲು ನೆಲವನ್ನು ಒತ್ತಿತು. ಆ ಹೊಡೆತದ ಸದ್ದು ಬೇರೆಯಾಗಿತ್ತು. ಅಂಕಿಯನ್ನು ನೋಡುವ ಮೊದಲೇ ನನಗೆ ತಿಳಿಯಿತು.

ಕೆಲಸ ದೊರೆಯಿತು. ಹಿಂದಿರುಗುವಾಗ ಬಸ್ಸಿನಲ್ಲಿ ಅವರ ಪಕ್ಕದಲ್ಲಿ ಕುಳಿತೆ. ಕಡೆಗೆ, "ನಿಮ್ಮ ಹೆಸರನ್ನು ಬರೆಯಬೇಕಾಗಿತ್ತು ದೊಡ್ಡಪ್ಪ" ಎಂದೆ.

ಅವರು ಕಡಲೆಕಾಯಿ ಸುಲಿಯುತ್ತಿದ್ದರು. "ಅಯ್, ಆ ಕಾಲಮ್ಮು ಎಲ್ಲಿ ಸಾಲ್ತಿತ್ತು ಬುಡು. ನನ್ನೆಸ್ರು ಬಲೇ ಉದ್ದ. ತಗೊ, ತಿನ್ನು."

ನಾನು ಕಡಲೆಕಾಯಿ ತೆಗೆದುಕೊಂಡೆ. ಆದರೆ ಅವರ ಹೆಸರೇನೆಂದು ಕೇಳಲಿಲ್ಲ. ನನಗದು ತಿಳಿದಿರಲಿಲ್ಲ ಎಂಬುದೂ ಆಗ ಹೊಳೆಯಲಿಲ್ಲ...

ಕಳೆದ ವರ್ಷ ಹಬ್ಬಕ್ಕೆ ಊರಿಗೆ ಹೋದಾಗ, ಬಸ್ ನಿಲ್ದಾಣದ ಬಳಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಪರಿಚಿತ ಮುಖದ ಕೆಳಗೆ ನನಗೆ ಪರಿಚಯವಿಲ್ಲದ ಹೆಸರಿತ್ತು. ದೊಡ್ಡಪ್ಪ ತೀರಿಕೊಂಡು ಹದಿನೈದು ದಿನಗಳಾಗಿದ್ದವು. ನನಗೆ ಯಾರೂ ತಿಳಿಸಿರಲಿಲ್ಲ. ಪುಸ್ತಕದಿಂದ ತಾನೇ ಕಲಿತವಳೆಂದು ಊರಿನಲ್ಲಿಯೂ ಹೆಸರಾಗಿದ್ದವಳಿಗೆ ಏಕೆ ತಿಳಿಸಬೇಕು? ಅವರ ಸೊಸೆ ಕ್ಲಬ್ಬನ್ನು ತಂದುಕೊಟ್ಟು, "ಆವು ಚೇಳು ಓಡ್ಸಾಕೆ ಮಡೀಕಂಡಿದ್ವಿ. ನಿಂದೇ ಅಂತೆ, ಮಾವ ಯೋಳಿದ್ರು" ಎಂದರು.

ಈಗ ನಾನು ಕಲಿಸುವವಳು. ಮೇಲೆ ನಿಂತುಬಿಡುವ ವಿದ್ಯಾರ್ಥಿಗಳ ಕೈಗೆ ಮೊದಲು ಹುಲ್ಲಿನ ಕಟ್ಟು ಕೊಡುತ್ತೇನೆ. ಅದನ್ನು ಎಲ್ಲಿ ಕಲಿತಿರಿ ಎಂದು ಅವರು ಕೇಳಿದಾಗ ಇಷ್ಟು ದಿನ ಮಾತು ಮರೆಸುತ್ತಿದ್ದೆ.

ನವೀಕರಣದ ಅರ್ಜಿಯಲ್ಲಿಯೂ ಅದೇ ಎರಡು ಕಾಲಂಗಳಿವೆ. ವಿದ್ಯಾರ್ಹತೆಯ ಜಾಗದಲ್ಲಿ, ಗಾಲ್ಫ್ ಮೈದಾನದಲ್ಲಿ ಚೀಲ ಹೊರುತ್ತಿದ್ದರು ಎಂದು ಬರೆದೆ. ಪಕ್ಕದಲ್ಲಿ, ಫ್ಲೆಕ್ಸಿನಲ್ಲಿ ಓದಿದ್ದ ಹೆಸರನ್ನು ಕಾಗುಣಿತ ತಪ್ಪದಂತೆ ಬರೆದೆ. ಮೂರೇ ಅಕ್ಷರ. ಕಾಲಂನಲ್ಲಿ ಇನ್ನೂ ಬಹಳಷ್ಟು ಜಾಗ ಉಳಿಯಿತು.